ನಕಲು ಉಳಿಸಲು ಹೋಗಿ ಅಸಲಿಗೇ ಕೈ

ನಮ್ಮ ಫೀಲ್ಡಿನಲ್ಲಿ ಕೆಲವು ಪದಗಳಿವೆ. ಮೀಟಿಂಗಿನಲ್ಲಿ ಯಾರಾದರೂ ಅಂದರೆ ಸಾಕು, ಎಲ್ಲರೂ ಗಂಭೀರವಾಗಿ ತಲೆ ಆಡಿಸ್ತಾರೆ. 'ಜೀರೋ ಕಾಪಿ' ಅಂಥದ್ದೊಂದು. ಡೇಟಾವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲು ಮಾಡದೇನೇ ಕಳಿಸೋದು. ಕೇಳೋಕೆ ಎಷ್ಟು ಚೆನ್ನಾಗಿದೆ! ಸುಮ್ಮನೆ ನಕಲು ಮಾಡ್ತಾ ಕೂರೋದು ದಂಡ ಕೆಲಸ, ಅದನ್ನು ತೆಗೆದುಬಿಟ್ಟರೆ ವೇಗ ತಾನಾಗಿ ಬರುತ್ತೆ ಅನ್ನೋದು ಎಲ್ಲರಿಗೂ ಒಪ್ಪಿಗೆಯಾಗೋ ಮಾತು. ಆದರೆ ಈ ಒಂದು ಆಸೆಯ ಹಿಂದೆ ಮೂವತ್ತು ವರ್ಷಕ್ಕೂ ಮೀರಿದ ಇತಿಹಾಸ ಇದೆ. ಆ ಇತಿಹಾಸದಲ್ಲಿ ವೇಗದ ಕಥೆ ಎಷ್ಟಿದೆಯೋ ಕನ್ನ ಹಾಕಿದ ಕಥೆಗಳೂ ಅಷ್ಟೇ ಇವೆ. ನಿಮ್ಮ ಜೇಬಿನಲ್ಲಿರೋ ಫೋನು, ನಿಮ್ಮ ಬ್ಯಾಂಕಿನ ಸರ್ವರು ಎಲ್ಲವೂ ಈ ಕಥೆಯೊಳಗೇ ಬರುತ್ತವೆ.

ಮೊದಲು ಈ ನಕಲು ಅಂದರೇನು ನೋಡೋಣ.

ನೀವು ಒಂದು ವೆಬ್‌ಸೈಟಿನಿಂದ ಫೋಟೋ ಡೌನ್‌ಲೋಡ್ ಮಾಡ್ತೀರಿ ಅಂತಿಟ್ಟುಕೊಳ್ಳಿ. ಆ ಕಡೆ ಸರ್ವರಿನಲ್ಲಿ ಏನಾಗುತ್ತೆ? ಡಿಸ್ಕಿನಲ್ಲಿರೋ ಫೈಲು ಮೊದಲು ಕರ್ನೆಲ್ಲಿನ ಮೆಮೊರಿಗೆ ಬರುತ್ತೆ. ಕರ್ನೆಲ್ ಅಂದರೆ ಆಪರೇಟಿಂಗ್ ಸಿಸ್ಟಮಿನ ಒಳಮನೆ. ಅಲ್ಲಿ ಫೈಲಿನ ತುಂಡುಗಳನ್ನು ಇಟ್ಟುಕೊಳ್ಳೋ ಜಾಗಕ್ಕೆ ಪೇಜ್ ಕ್ಯಾಶ್ ಅಂತಾರೆ. ಅಲ್ಲಿಂದ ವೆಬ್ ಸರ್ವರ್ ಪ್ರೋಗ್ರಾಮಿನ ಮೆಮೊರಿಗೆ ಒಂದು ನಕಲು. ಪ್ರೋಗ್ರಾಮು ಅದನ್ನು ಏನೂ ಮಾಡಲ್ಲ, ನೆಟ್‌ವರ್ಕಿಗೆ ಕಳಿಸು ಅಂತ ವಾಪಸ್ ಕರ್ನೆಲ್ಲಿಗೇ ಕೊಡುತ್ತೆ. ಅಲ್ಲಿ ಸಾಕೆಟ್ಟಿನ ಬಫರಿಗೆ ಇನ್ನೊಂದು ನಕಲು. ಕೊನೆಗೆ ನೆಟ್‌ವರ್ಕ್ ಕಾರ್ಡು ಅದನ್ನು ಎತ್ತಿಕೊಂಡು ತಂತಿಗೆ ಬಿಡುತ್ತೆ. ಒಳಮನೆಯಿಂದ ಜಗುಲಿಗೆ ತಂದು, ಜಗುಲಿಯಿಂದ ಮತ್ತೆ ಒಳಮನೆಗೆ ಹೊತ್ತು, ಹಿತ್ತಿಲ ಬಾಗಿಲಿಂದ ಗಾಡಿಗೆ ಹೇರಿದ ಹಾಗೆ. ಯಾರಿಗಾದರೂ ಅನ್ನಿಸುತ್ತೆ, ಜಗುಲಿಗೆ ಯಾಕಪ್ಪಾ ತರಬೇಕಿತ್ತು?

ಈ ಪ್ರಶ್ನೆಗೆ ಬಲ ಕೊಟ್ಟಿದ್ದು 1989ರ ಒಂದು ಪ್ರಬಂಧ. ಡೇವಿಡ್ ಕ್ಲಾರ್ಕ್, ವ್ಯಾನ್ ಜೇಕಬ್ಸನ್ ಮತ್ತು ಇನ್ನಿಬ್ಬರು ಸೇರಿ, ಟಿಸಿಪಿಯ ಕೆಲಸಕ್ಕೆ ಎಷ್ಟು ಖರ್ಚಾಗುತ್ತೆ ಅಂತ ಲೆಕ್ಕ ಹಾಕಿದರು. ಟಿಸಿಪಿ ನಿಧಾನ, ಅದನ್ನೇ ಬದಲಾಯಿಸಬೇಕು ಅಂತ ಬಹಳ ಜನ ಮಾತಾಡ್ತಿದ್ದ ಕಾಲ ಅದು. ಇವರು ಹೇಳಿದ್ದು ಬೇರೆ. ಟಿಸಿಪಿಯ ನಿಯಮಗಳನ್ನು ಪಾಲಿಸೋಕೆ ಹಿಡಿಯೋ ಹೊತ್ತು ಕಡಿಮೆ. ಖರ್ಚು ಆಗ್ತಿರೋದು ಒಂದೊಂದು ಬೈಟನ್ನೂ ಮುಟ್ಟೋದರಲ್ಲಿ. ಅಂದರೆ ನಕಲು ಮಾಡೋದು, ಚೆಕ್‌ಸಮ್ ಕೂಡೋದು. ಅಲ್ಲಿಂದ ಮುಂದೆ ಸಂಶೋಧಕರ ಕಣ್ಣೆಲ್ಲ ನಕಲಿನ ಮೇಲೆ ಬಿತ್ತು.

ಆದರೆ ಒಂದು ವಿಷಯ ಆಗಲೂ ಈಗಲೂ ಬಹಳ ಜನ ಗಮನಿಸೋದಿಲ್ಲ. ನಕಲು ಅನ್ನೋದು ಬರೀ ಹೊರೆ ಅಲ್ಲ, ಅದೊಂದು ಬೇಲಿ.

ತಾಲೂಕು ಆಫೀಸಿನ ಉದಾಹರಣೆ ತಗೊಳ್ಳಿ. ಹಳೇ ದಾಖಲೆ ಬೇಕು ಅಂದರೆ ಅರ್ಜಿ ಕೊಡಬೇಕು. ದಿನ ಹಿಡಿಯುತ್ತೆ, ಓಡಾಟ ಇರುತ್ತೆ, ಎಲ್ಲರೂ ಬೈಕೊಳ್ತಾರೆ. ಆದರೂ ಕೊನೆಗೆ ಕೈಗೆ ಬರೋದು ನಕಲು ಮಾತ್ರ. ಅಸಲು ಪುಸ್ತಕ ರೆಕಾರ್ಡ್ ರೂಮಿನಿಂದ ಹೊರಗೆ ಬರಲ್ಲ. ನಿಮ್ಮ ನಕಲಿನ ಮೇಲೆ ನೀವು ಏನು ಗೀಚಿದರೂ ಸರ್ಕಾರದ ಲೆಕ್ಕದಲ್ಲಿ ಜಮೀನು ಯಾರದ್ದೋ ಅವರದ್ದೇ. ಈಗ ಯಾರೋ ಬುದ್ಧಿವಂತರು ಬಂದು, 'ನಕಲು ಮಾಡೋ ಹೊತ್ತಿಗೆ ನೂರು ಜನ ಕಾಯ್ತಾರೆ, ಅಸಲು ಪುಸ್ತಕವನ್ನೇ ಕಿಟಕಿಯಲ್ಲಿಟ್ಟು ಎಲ್ಲರಿಗೂ ಓದೋಕೆ ಬಿಡೋಣ' ಅಂದರೆ? ಕೆಲಸ ಬೇಗ ಆಗುತ್ತೆ, ಸುಳ್ಳಲ್ಲ. ಆದರೆ ಯಾರ ಕೈಯಲ್ಲಿ ಪೆನ್ನಿದೆ ಅಂತ ನೋಡೋಕೆ ಅಲ್ಲೇ ಒಬ್ಬ ಕಾವಲುಗಾರ ಬೇಕಾಗುತ್ತೆ. ಆ ಕಾವಲುಗಾರ ಒಂದು ಕ್ಷಣವೂ ಕಣ್ಣು ಮುಚ್ಚಬಾರದು.

ಕರ್ನೆಲ್ಲಿನಲ್ಲಿ ನಕಲು ಕೊಡೋ ರಕ್ಷಣೆ ಮೂರು ಬಗೆಯದ್ದು. ಒಂದು, ಪ್ರೋಗ್ರಾಮು ಕೊಟ್ಟ ಡೇಟಾವನ್ನು ಕರ್ನೆಲ್ ತನ್ನ ಕಡೆ ನಕಲು ಮಾಡಿಕೊಂಡ ಮೇಲೆ ಪ್ರೋಗ್ರಾಮು ಅದನ್ನು ಬದಲಾಯಿಸೋಕಾಗಲ್ಲ. ಪರೀಕ್ಷೆ ಮಾಡಿದ್ದೂ ಬಳಸಿದ್ದೂ ಒಂದೇ ಆಗಿರುತ್ತೆ. ಎರಡು, ಮೆಮೊರಿಯ ಯಜಮಾನ ಯಾರು ಅನ್ನೋದರಲ್ಲಿ ಗೊಂದಲ ಇರಲ್ಲ. ನಿನ್ನದು ನಿನಗೆ, ನನ್ನದು ನನಗೆ. ಮೂರು, ಓದೋಕೆ ಮಾತ್ರ ಹಕ್ಕಿರೋನು ಅಸಲನ್ನು ಮುಟ್ಟೋ ದಾರಿಯೇ ಇರಲ್ಲ. ಜೀರೋ ಕಾಪಿ ಮಾಡಿದಾಗ ಈ ಮೂರೂ ಒಟ್ಟಿಗೆ ಹೋಗುತ್ತವೆ. ಹೋದದ್ದನ್ನು ಕೋಡಿನಲ್ಲಿ, ಕೈಯಾರೆ, ಒಂದೊಂದೇ ಸಾಲು ಬರೆದು ವಾಪಸ್ ತರಬೇಕು. ಮುಂದಿನ ಇತಿಹಾಸವೆಲ್ಲ ಹಾಗೆ ವಾಪಸ್ ತರುವಾಗ ಬಿಟ್ಟುಹೋದ ಸಾಲುಗಳದ್ದು.

ತಿಳಿದೇ ಮಾಡಿದ್ದರು

ಮೊದಲು ಈ ದಾರಿ ಹಿಡಿದವರಿಗೆ ಅಪಾಯ ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. 1993ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಪೀಟರ್ ಡ್ರುಶೆಲ್ ಮತ್ತು ಲ್ಯಾರಿ ಪೀಟರ್ಸನ್ 'ಎಫ್‌ಬಫ್ಸ್' ಅನ್ನೋ ವ್ಯವಸ್ಥೆ ತಂದರು. ಒಂದೇ ಬಫರನ್ನು ಕರ್ನೆಲ್ಲು, ಪ್ರೋಗ್ರಾಮು ಎಲ್ಲ ಹಂಚಿಕೊಂಡು ಬಳಸೋದು. ಅದರಲ್ಲೇ ಅವರು, ಡೇಟಾ ಕಳಿಸಿದವನ ಕೈಯಲ್ಲಿ ಬರೆಯೋ ಹಕ್ಕು ಉಳಿದಿದ್ದರೆ ಏನಾಗುತ್ತೆ ಅಂತ ಯೋಚನೆ ಮಾಡಿದ್ದರು. ಪಡೆದವನಿಗೆ ಆತನ ಮೇಲೆ ನಂಬಿಕೆ ಇಲ್ಲದಿದ್ದರೆ ಬಫರಿಗೆ ಬೀಗ ಹಾಕಿಸೋ ಅನುಕೂಲವನ್ನೂ ಇಟ್ಟಿದ್ದರು. 1999ರಲ್ಲಿ ವಿವೇಕ್ ಪೈ, ಡ್ರುಶೆಲ್, ವಿಲ್ಲಿ ಜ್ವೇನೆಪೋಲ್ ಮಾಡಿದ 'ಐಒ-ಲೈಟ್' ಇನ್ನೂ ಕಟ್ಟುನಿಟ್ಟು. ಒಮ್ಮೆ ತುಂಬಿದ ಬಫರನ್ನು ಯಾರೂ, ತುಂಬಿದವನೂ ಸೇರಿ, ಬದಲಾಯಿಸುವಂತಿಲ್ಲ. ಅಸಲು ಪುಸ್ತಕ ಕಿಟಕಿಗೆ ಬರಲಿ, ಆದರೆ ಎಲ್ಲರ ಪೆನ್ನೂ ಕಿತ್ತುಕೊಳ್ಳಿ ಅನ್ನೋ ಪದ್ಧತಿ.

ಅಂಥ ಶಿಸ್ತು ಪ್ರಬಂಧದಲ್ಲಿ ನಡೆಯುತ್ತೆ. ದಿನಬಳಕೆಯ ಕರ್ನೆಲ್ಲುಗಳಲ್ಲಿ ಹಳೇ ಪ್ರೋಗ್ರಾಮುಗಳು ಹಾಗೇ ಓಡಬೇಕು, ಎಲ್ಲರೂ ಹೊಸ ನಿಯಮ ಒಪ್ಪಲ್ಲ. ಹಾಗಾಗಿ ದಾರಿಗಳು ಒಡೆದವು. ಫ್ರೀಬಿಎಸ್‌ಡಿಯಲ್ಲಿ ಒಂದು ಉಪಾಯ ಮಾಡಿದರು. ಪ್ರೋಗ್ರಾಮು ಕಳಿಸಿದ ಮೆಮೊರಿ ಪುಟಕ್ಕೆ ಗುರುತು ಹಾಕಿಡೋದು, ಪ್ರೋಗ್ರಾಮು ಅದರ ಮೇಲೆ ಬರೆಯೋಕೆ ಹೋದರೆ ಮಾತ್ರ ಆಗ ನಕಲು ಮಾಡೋದು. 2006ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಇದನ್ನು ತಮ್ಮ ಎಂದಿನ ಖಾರದ ಭಾಷೆಯಲ್ಲೇ ತರಾಟೆಗೆ ತಗೊಂಡರು. ಪುಟಗಳ ಹಕ್ಕು ಬದಲಾಯಿಸೋದು, ಆಮೇಲೆ ಆಗೋ ಫಾಲ್ಟು, ಬೇರೆ ಸಿಪಿಯುಗಳಿಗೆಲ್ಲ ಸುದ್ದಿ ಮುಟ್ಟಿಸೋದು, ಈ ಖರ್ಚೆಲ್ಲ ಸೇರಿದರೆ ಸುಮ್ಮನೆ ನಕಲು ಮಾಡೋದೇ ಅಗ್ಗ ಅನ್ನೋದು ಅವರ ವಾದ. ಫ್ರೀಬಿಎಸ್‌ಡಿಯವರು ಮುಂದೆ ಆ ಕೋಡನ್ನು ತೆಗೆದೂ ಹಾಕಿದರು.

ಲಿನಕ್ಸು ಬೇರೆ ದಾರಿ ಹಿಡಿಯಿತು. 1999ರ 2.2 ಆವೃತ್ತಿಯಲ್ಲಿ 'ಸೆಂಡ್‌ಫೈಲ್' ಬಂತು. ಫೈಲಿನಿಂದ ಸಾಕೆಟ್ಟಿಗೆ ನೇರ, ಜಗುಲಿಗೆ ತರೋದೇ ಬೇಡ. 2006ರಲ್ಲಿ 2.6.17ರ ಜೊತೆ 'ಸ್ಪ್ಲೈಸ್' ಬಂತು. ಇದರ ಮೂಲ ಯೋಚನೆ ಲ್ಯಾರಿ ಮ್ಯಾಕ್‌ವಾಯ್ ಅವರದ್ದು, ಕಟ್ಟಿದ್ದು ಜೆನ್ಸ್ ಆಕ್ಸ್‌ಬೋ. ಇದರಲ್ಲಿ ಪೈಪು ಅನ್ನೋದು ಡೇಟಾ ತುಂಬೋ ಡಬ್ಬಿ ಆಗಿ ಉಳಿಯಲಿಲ್ಲ, ಚೀಟಿಗಳ ಸಾಲು ಆಯಿತು. ಒಂದೊಂದು ಚೀಟಿಯಲ್ಲೂ 'ಡೇಟಾ ಇಂಥ ಪುಟದಲ್ಲಿದೆ, ಇಲ್ಲಿಂದ ಇಷ್ಟು ಉದ್ದ' ಅಂತ ಬರೆದಿರುತ್ತೆ. ಫೈಲಿನ ಪುಟವನ್ನು ಪೈಪಿಗೆ ಹಾಕಬೇಕಾ? ನಕಲು ಬೇಡ, ಪೇಜ್ ಕ್ಯಾಶಿನಲ್ಲಿರೋ ಅಸಲು ಪುಟದ ವಿಳಾಸವನ್ನೇ ಚೀಟಿಯಲ್ಲಿ ಬರೆದರಾಯಿತು. ತುಂಬಾ ಚೆಂದದ ವಿನ್ಯಾಸ, ಇವತ್ತಿಗೂ ಓದಿದರೆ ಖುಷಿಯಾಗುತ್ತೆ.

ಎರಡು ವರ್ಷವೂ ಆಗಿರಲಿಲ್ಲ, ಮೊದಲ ಪೆಟ್ಟು ಬಿತ್ತು. 2008ರ ಫೆಬ್ರವರಿಯಲ್ಲಿ ಸ್ಪ್ಲೈಸಿನ ತಮ್ಮನಾದ 'ವಿಎಂಸ್ಪ್ಲೈಸ್'ನಲ್ಲಿ ತೂತು ಸಿಕ್ಕಿತು. ಪ್ರೋಗ್ರಾಮು ತನ್ನ ಮೆಮೊರಿಯನ್ನೇ ನೇರವಾಗಿ ಪೈಪಿಗೆ ಕೊಡೋ ಕರೆ ಇದು. ಪ್ರೋಗ್ರಾಮು ಕೊಟ್ಟ ವಿಳಾಸ ಮತ್ತು ಉದ್ದ ನಿಜವಾಗಿಯೂ ಅದರದ್ದೇ ಮೆಮೊರಿಗೆ ಸೇರಿದ್ದಾ ಅಂತ ಕರ್ನೆಲ್ ಸರಿಯಾಗಿ ನೋಡುತ್ತಿರಲಿಲ್ಲ. ಸಾಧಾರಣ ನಕಲು ಮಾಡೋ ಫಂಕ್ಷನ್ನುಗಳಲ್ಲಿ ಈ ಪರೀಕ್ಷೆ ಮೊದಲಿಂದಲೂ ಹುದುಗಿಕೊಂಡೇ ಇರುತ್ತೆ. ಯಾರೂ ನೆನಪಿಟ್ಟುಕೊಂಡು ಬರೆಯಬೇಕಾಗಿಲ್ಲ. ನಕಲನ್ನು ತೆಗೆದಾಗ ಅದರ ಜೊತೆಗಿದ್ದ ಪರೀಕ್ಷೆಯೂ ಹೋಯಿತು. ಯಾವ ಸಾಮಾನ್ಯ ಯೂಸರ್ ಆದರೂ ರೂಟ್ ಆಗಬಹುದಿತ್ತು. ಸರಿಪಡಿಸಿದ ಕರ್ನೆಲ್ ಎಲ್ಲರ ಕೈ ಸೇರೋ ಮೊದಲೇ ದಾಳಿ ಮಾಡೋ ಕೋಡು ಬೀದಿಗೆ ಬಂದಿತ್ತು.

ಹಂಚಿಕೊಂಡ ಪಾತ್ರೆಯ ಲೆಕ್ಕ

ಇನ್ನೊಂದು ಬಗೆಯ ಜೀರೋ ಕಾಪಿ ಪ್ಯಾಕೆಟ್ ಹಿಡಿಯೋ ಪ್ರೋಗ್ರಾಮುಗಳಿಗಾಗಿ ಬಂದದ್ದು. ನೆಟ್‌ವರ್ಕಿನಲ್ಲಿ ಓಡಾಡೋ ಪ್ರತಿ ಪ್ಯಾಕೆಟ್ಟನ್ನೂ ನಕಲು ಮಾಡಿ ಕೊಡೋ ಬದಲು, ಕರ್ನೆಲ್ಲು ಮತ್ತು ಪ್ರೋಗ್ರಾಮು ಇಬ್ಬರೂ ಒಂದೇ ಮೆಮೊರಿ ವರ್ತುಲವನ್ನು ಹಂಚಿಕೊಳ್ಳೋದು. ಒಬ್ಬರು ತುಂಬ್ತಾರೆ, ಒಬ್ಬರು ಖಾಲಿ ಮಾಡ್ತಾರೆ.

ಹಳ್ಳಿಯಲ್ಲಿ ಬೆಳೆದವರಿಗೆ ದೇವಸ್ಥಾನದ ಪಾತ್ರೆಗಳ ವ್ಯವಹಾರ ಗೊತ್ತಿರುತ್ತೆ. ಊರಿನ ಮದುವೆ, ತಿಥಿ, ನಾಮಕರಣ ಎಲ್ಲಕ್ಕೂ ಅದೇ ಕೊಪ್ಪರಿಗೆ, ಅದೇ ಹಂಡೆ. ಯಾರ ಮನೆಗೆ ಏನು ಹೋಗಿದೆ ಅಂತ ಒಬ್ಬರು ಪುಸ್ತಕದಲ್ಲಿ ಬರೆದಿಡಬೇಕು. ನಮ್ಮೂರಲ್ಲಿ ಆ ಪುಸ್ತಕ ಇಟ್ಟುಕೊಂಡಿದ್ದ ಅಜ್ಜ, ಪಾತ್ರೆ ಕಣ್ಣೆದುರಿಗೆ ಬಂದು ನೆಲದ ಮೇಲೆ ಕೂತ ಹೊರತು ಹೆಸರಿನ ಮುಂದೆ ಗೀಟು ಹಾಕುತ್ತಿರಲಿಲ್ಲ. 'ಆಗಲೇ ಕಳಿಸಿದೀವಿ ಅಜ್ಜ, ದಾರೀಲಿದೆ' ಅಂದರೂ ಒಪ್ಪುತ್ತಿರಲಿಲ್ಲ. ಯಾಕಂದರೆ ಗೀಟು ಹಾಕಿದ ಕೂಡಲೇ ಕೊಪ್ಪರಿಗೆ ಇನ್ನೊಂದು ಮನೆಗೆ ಅಂತ ಮಾತಾಗಿಬಿಡುತ್ತೆ. ಅತ್ತ ಮೊದಲನೇ ಮನೆಯಲ್ಲಿ ಅದರಲ್ಲೇ ಸಾರು ಕುದೀತಾ ಇದ್ದರೆ?

ಕರ್ನೆಲ್ಲಿನಲ್ಲಿ ಇದಕ್ಕೆ 'ಯೂಸ್ ಆಫ್ಟರ್ ಫ್ರೀ' ಅಂತಾರೆ. ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಬಳಸೋದು. ನಕಲು ಇದ್ದಾಗ ಪ್ರತಿ ಮನೆಗೂ ತನ್ನದೇ ಪಾತ್ರೆ, ಈ ಪುಸ್ತಕದ ತಾಪತ್ರಯ ಕಡಿಮೆ. ಹಂಚಿಕೊಂಡ ಕೂಡಲೇ ಪುಸ್ತಕವೇ ಪ್ರಾಣ. 2016ರಲ್ಲಿ ಫಿಲಿಪ್ ಪೆಟರ್ಸನ್ ಅನ್ನೋರು ಈ ಪ್ಯಾಕೆಟ್ ವರ್ತುಲದ ಕೋಡಿನಲ್ಲಿ ಅಂಥದ್ದೇ ತಪ್ಪು ಹಿಡಿದರು. ಸಿವಿಇ-2016-8655 ಅಂತ ಅದರ ನಂಬರು. ಒಂದು ಥ್ರೆಡ್ಡು ವರ್ತುಲ ಕಟ್ಟುತ್ತಿರುವಾಗಲೇ ಇನ್ನೊಂದು ಥ್ರೆಡ್ಡು ಅದರ ಆವೃತ್ತಿ ನಂಬರನ್ನು ಬದಲಾಯಿಸಿದರೆ, ಬಿಟ್ಟುಕೊಟ್ಟ ಮೆಮೊರಿಯೊಳಗೆ ಒಂದು ಟೈಮರು ಹಾಗೇ ಓಡುತ್ತಾ ಉಳಿಯುತ್ತಿತ್ತು. 2011ರಿಂದ ಅದು ಅಲ್ಲೇ ಇತ್ತು, ಐದು ವರ್ಷ. ಮರುವರ್ಷ ಅದೇ ಜಾಗದಲ್ಲಿ, ವರ್ತುಲದ ಅಳತೆ ಲೆಕ್ಕ ಹಾಕೋ ಕಡೆ, ಆಂಡ್ರೆ ಕೊನೊವಾಲೋವ್ ಇನ್ನೊಂದು ತಪ್ಪು ಹಿಡಿದರು.

ಎಂಟು ಬೈಟುಗಳ ಪತ್ತೇದಾರಿ

ಈ ಇತಿಹಾಸದಲ್ಲಿ ನನಗೆ ತುಂಬಾ ಇಷ್ಟವಾದ, ತುಂಬಾ ಹೆದರಿಸಿದ ಅಧ್ಯಾಯ ಮುಂದಿನದು.

2021ರ ಏಪ್ರಿಲ್. ಜರ್ಮನಿಯ ಸಿಎಂ4ಆಲ್ ಅನ್ನೋ ವೆಬ್ ಹೋಸ್ಟಿಂಗ್ ಕಂಪನಿಗೆ ಒಂದು ಸಪೋರ್ಟ್ ಟಿಕೆಟ್ ಬರುತ್ತೆ. ಗ್ರಾಹಕರೊಬ್ಬರು ಡೌನ್‌ಲೋಡ್ ಮಾಡಿದ ಆಕ್ಸೆಸ್ ಲಾಗ್ ಫೈಲು ಬಿಚ್ಚೋಕಾಗ್ತಿಲ್ಲ, ಸಿಆರ್‌ಸಿ ತಪ್ಪು ಅಂತ ಬರ್ತಿದೆ. ಅಲ್ಲಿನ ಎಂಜಿನಿಯರ್ ಮ್ಯಾಕ್ಸ್ ಕೆಲರ್ಮನ್ ನೋಡಿದರು. ಫೈಲು ಹೇಗೋ ಕೆಟ್ಟಿದೆ. ಕೈಯಲ್ಲೇ ಸಿಆರ್‌ಸಿ ಸರಿ ಮಾಡಿ ಟಿಕೆಟ್ ಮುಚ್ಚಿದರು. ನಾವು ನೀವು ಮಾಡೋದೂ ಅದನ್ನೇ.

ತಿಂಗಳುಗಳ ನಂತರ ಮತ್ತೆ ಅದೇ ದೂರು. ಮತ್ತೊಮ್ಮೆ. ಈ ಸಲ ಅವರು ಹಳೇ ಫೈಲುಗಳನ್ನೆಲ್ಲ ಜಾಲಾಡಿದರು. ಕೆಟ್ಟಿರೋ ಫೈಲುಗಳಲ್ಲೆಲ್ಲ ಕೊನೆಯ ಎಂಟು ಬೈಟು ಮಾತ್ರ ಕೆಟ್ಟಿದೆ. ಅದರಲ್ಲೂ ತಿಂಗಳ ಕೊನೆಯ ದಿನದ ಫೈಲುಗಳಿಗೇ ಹೆಚ್ಚು ಪೆಟ್ಟು. ಎಲ್ಲ ಕಡೆಯೂ ಅದೇ ಎಂಟು ಬೈಟು. ಮೊದಲ ಎರಡು ಅಕ್ಷರ 'ಪಿ', 'ಕೆ'. ಜಿಪ್ ಫೈಲಿನ ಬಗ್ಗೆ ಗೊತ್ತಿದ್ದವರಿಗೆ ಇದು ಕೂಡಲೇ ಹೊಳೆಯುತ್ತೆ. ಜಿಪ್ ಕಂಡುಹಿಡಿದ ಫಿಲ್ ಕ್ಯಾಟ್ಜ್ ಅವರ ಹೆಸರಿನ ಮೊದಲಕ್ಷರಗಳು ಅವು. ಜಿಪ್ ಫೈಲಿನ ಕೊನೆಯಲ್ಲಿ ಬರೋ ಪರಿವಿಡಿ ಹೀಗೇ ಶುರುವಾಗುತ್ತೆ.

ಆ ಕಂಪನಿಯಲ್ಲಿ ಒಂದೊಂದು ದಿನದ ಲಾಗ್ ಜಿ-ಜಿಪ್ ಫೈಲಾಗಿ ಇರುತ್ತಿತ್ತು. ಗ್ರಾಹಕರು ಇಡೀ ತಿಂಗಳಿನದ್ದು ಕೇಳಿದರೆ, ಒಂದು ಸರ್ವಿಸು ಆ ಫೈಲುಗಳ ತಲೆ ಬಾಲ ಬಿಟ್ಟು ನಡುವಿನ ತಿರುಳನ್ನು ಸ್ಪ್ಲೈಸಿನಿಂದ ಪೈಪಿಗೆ ಹಾಕಿ, ಜಿಪ್ಪಿನ ಹೆಡರುಗಳನ್ನು ತಾನು ಬರೆದು, ಕೊನೆಗೆ ಪರಿವಿಡಿ ಬರೆದು ಕಳಿಸುತ್ತಿತ್ತು. ಜಿ-ಜಿಪ್ಪಿನ ಬಾಲ ಎಷ್ಟು? ಎಂಟು ಬೈಟು. ಅಂದರೆ ಪೈಪಿಗೆ ಹೋಗಬೇಕಿದ್ದ ಪರಿವಿಡಿಯ ಮೊದಲ ಎಂಟು ಬೈಟು, ಕಳಿಸದೇ ಬಿಟ್ಟ ಬಾಲದ ಜಾಗದಲ್ಲಿ, ಅಸಲು ಲಾಗ್ ಫೈಲಿನ ಮೇಲೇ ಬಂದು ಕೂತಿತ್ತು.

ಆದರೆ ಇದು ಆಗೋ ಹಾಗೇ ಇರಲಿಲ್ಲ. ಆ ಸರ್ವಿಸಿಗೆ ಲಾಗ್ ಫೈಲುಗಳನ್ನು ಓದೋ ಹಕ್ಕಿತ್ತು, ಬರೆಯೋ ಹಕ್ಕು ಇರಲೇ ಇಲ್ಲ. ಪೆನ್ನೇ ಇಲ್ಲದವನು ಅಸಲು ಪುಸ್ತಕದಲ್ಲಿ ಬರೆದದ್ದು ಹೇಗೆ? ಕೆಲರ್ಮನ್ ಎರಡು ಪುಟ್ಟ ಪ್ರೋಗ್ರಾಮು ಬರೆದರು. ಒಂದು, ಫೈಲಿಗೆ 'ಎ' ಅಕ್ಷರ ಬರೀತಾ ಹೋಗೋದು. ಇನ್ನೊಂದು, ಆ ಫೈಲಿನಿಂದ ಪೈಪಿಗೆ ಸ್ಪ್ಲೈಸ್ ಮಾಡಿ, ಆಮೇಲೆ ಪೈಪಿಗೆ 'ಬಿ' ಅಕ್ಷರ ಬರೆಯೋದು. 'ಬಿ' ಹೋಗಬೇಕಾದದ್ದು ಪೈಪಿಗೆ ಮಾತ್ರ. ಆದರೆ ಫೈಲಿನಲ್ಲಿ 'ಬಿ' ಕಾಣಿಸಿಕೊಂಡಿತು. ತಪ್ಪು ಕರ್ನೆಲ್ಲಿನದೇ. ಅದು 2022ರ ಫೆಬ್ರವರಿ 19.

ಆದದ್ದು ಇಷ್ಟೇ. ಪೈಪಿನ ಚೀಟಿಯಲ್ಲಿ ಒಂದು ಗುರುತಿರುತ್ತೆ: 'ಈ ಪುಟದಲ್ಲಿ ಇನ್ನೂ ಜಾಗ ಇದ್ದರೆ ಮುಂದಿನ ಬರಹವನ್ನು ಇದಕ್ಕೇ ಸೇರಿಸಬಹುದು' ಅಂತ. ಪೈಪಿನ ಸ್ವಂತ ಪುಟಕ್ಕಾದರೆ ಸರಿ. ಫೈಲಿನ ಅಸಲು ಪುಟಕ್ಕೆ ಈ ಗುರುತು ಯಾವತ್ತೂ ಇರಬಾರದು. ಆದರೆ ಫೈಲಿನ ಪುಟ ಪೈಪಿಗೆ ಹಾಕುವಾಗ, ಹಳೇ ಚೀಟಿಯನ್ನೇ ಮತ್ತೆ ಬಳಸುವಾಗ, ಹಿಂದಿನ ಗುರುತನ್ನು ಅಳಿಸೋದು ಬಿಟ್ಟುಹೋಗಿತ್ತು. ಮಂಡಿಯಲ್ಲಿ ಖಾಲಿ ಚೀಲದ ಮೇಲೆ ಹಳೇ ಮಾಲಿನ ಗುರುತು ಹಾಗೇ ಉಳಿದು, ಅದನ್ನು ನೋಡಿ ಹಮಾಲಿ ಬೇರೆಯವರ ಚೀಲಕ್ಕೆ ರಾಗಿ ಸುರಿದ ಹಾಗೆ.

ಇತಿಹಾಸದ ದೃಷ್ಟಿಯಿಂದ ಇದರ ಹುಟ್ಟು ನೋಡಿ. ಗುರುತು ಅಳಿಸೋದು ಬಿಟ್ಟುಹೋದದ್ದು 2016ರಲ್ಲಿ, 4.9 ಆವೃತ್ತಿಯಲ್ಲಿ. ಆಗ ಅದರಿಂದ ತೊಂದರೆ ಇರಲಿಲ್ಲ, ಯಾಕಂದರೆ 'ಸೇರಿಸಬಹುದು' ಅನ್ನೋ ಗುರುತೇ ಆಗ ಚೀಟಿಯ ಆ ಜಾಗದಲ್ಲಿರಲಿಲ್ಲ. 2020ರ 5.8ರಲ್ಲಿ ಇನ್ಯಾರೋ ಕೋಡು ಚೊಕ್ಕಟ ಮಾಡುವಾಗ ಆ ಗುರುತನ್ನು ಅಲ್ಲಿಗೆ ತಂದರು. ಆ ಬದಲಾವಣೆಯೂ ಬಿಡಿಯಾಗಿ ನೋಡಿದರೆ ಸರಿಯಾಗೇ ಇತ್ತು. ನಾಲ್ಕು ವರ್ಷದ ಅಂತರದಲ್ಲಿ ಎರಡು ಬದಲಾವಣೆ, ಒಂದೊಂದನ್ನೂ ರಿವ್ಯೂ ಮಾಡಿದವರಿಗೆ ಅನುಮಾನ ಬರೋ ಹಾಗೇ ಇರಲಿಲ್ಲ. ಎರಡೂ ಸೇರಿದಾಗ, ಓದೋ ಹಕ್ಕು ಮಾತ್ರ ಇರೋ ಯಾವನಾದರೂ ಯಾವ ಫೈಲಿನ ಮೇಲಾದರೂ ಬರೆಯಬಹುದಾಯಿತು. ಪಾಸ್‌ವರ್ಡ್ ಫೈಲನ್ನು ಎಲ್ಲರೂ ಓದಬಹುದು. ಹಾಗಾದರೆ ಎಲ್ಲರೂ ರೂಟ್.

ಕೆಲರ್ಮನ್ ಇದಕ್ಕೆ 'ಡರ್ಟಿ ಪೈಪ್' ಅಂತ ಹೆಸರಿಟ್ಟರು. ಸರಿಪಡಿಸೋಕೆ ಬೇಕಾಗಿದ್ದು ಎರಡು ಸಾಲು, ಎರಡು ಕಡೆ ಆ ಗುರುತನ್ನು ಸೊನ್ನೆ ಮಾಡೋದು. ಫೆಬ್ರವರಿ 23ಕ್ಕೆ ಸರಿಯಾದ ಕರ್ನೆಲ್ ಬಂತು, ಮಾರ್ಚ್ 7ಕ್ಕೆ ಲೋಕಕ್ಕೆಲ್ಲ ತಿಳಿಯಿತು. ತಮಾಷೆ ಅಂದರೆ, ಹಳೇ ಆಂಡ್ರಾಯ್ಡ್ ಫೋನುಗಳು ಹಳೇ ಕರ್ನೆಲ್ಲಿನಲ್ಲಿದ್ದುದರಿಂದ ಬಚಾವಾದವು. ಆಗಷ್ಟೇ ಬಂದಿದ್ದ ಪಿಕ್ಸೆಲ್ 6, ಗ್ಯಾಲಕ್ಸಿ ಎಸ್22 ಸಿಕ್ಕಿಬಿದ್ದವು. ಸಾಲ ಮಾಡಿ ಹೊಸ ಫೋನು ಕೊಂಡವರಿಗೇ ಪೆಟ್ಟು.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಹೀಗೆ ಬರೆದದ್ದು ಡಿಸ್ಕಿಗೆ ಹೋಗಲೇಬೇಕು ಅಂತಿರಲಿಲ್ಲ. ಪುಟ ಬದಲಾಗಿದೆ ಅಂತ ಕರ್ನೆಲ್ಲಿಗೇ ಗೊತ್ತಿರಲಿಲ್ಲವಲ್ಲ. ಬದಲಾವಣೆ ಮೆಮೊರಿಯಲ್ಲಿ ಮಾತ್ರ ಇದ್ದು, ರೀಬೂಟ್ ಮಾಡಿದರೆ ಮಾಯ. ಕಳ್ಳ ಬಂದು ಹೋದ ಮೇಲೆ ಡಿಸ್ಕು ಹುಡುಕಿದರೆ ಏನೂ ಸಿಗದೇ ಇರಬಹುದು.

ಕಾರ್ಡನ್ನೂ ನಂಬೋ ಹಾಗಿಲ್ಲ

ಇಲ್ಲಿಯವರೆಗೆ ಪ್ರೋಗ್ರಾಮು ಮತ್ತು ಕರ್ನೆಲ್ಲಿನ ನಡುವಿನ ಬೇಲಿಯ ಮಾತಾಯಿತು. ಹಿತ್ತಿಲ ಕಡೆಗೂ ಒಂದು ಬೇಲಿ ಇದೆ. ನೆಟ್‌ವರ್ಕ್ ಕಾರ್ಡು ಸಿಪಿಯುವನ್ನು ಕೇಳದೇ ನೇರವಾಗಿ ಮೆಮೊರಿಯಿಂದ ಓದಿ ಬರೆಯುತ್ತೆ. ಇದನ್ನು ಡಿಎಂಎ ಅಂತಾರೆ. ಕಾರ್ಡು ಎಲ್ಲಿ ಬೇಕಾದರೂ ಕೈ ಹಾಕಬಾರದು ಅಂತ ಐಒಎಂಎಂಯು ಅನ್ನೋ ಕಾವಲು ಯಂತ್ರ ಇದೆ. ಆದರೆ ಅದರ ಅಳತೆ ಒಂದು ಪುಟ, ಸಾಮಾನ್ಯವಾಗಿ 4 ಕೆಬಿ. ಮಾಮೂಲಿ ಈಥರ್ನೆಟ್ ಪ್ಯಾಕೆಟ್ಟಿನ ತಿರುಳು 1500 ಬೈಟು. ಪ್ಯಾಕೆಟ್ಟು ಇರೋ ಪುಟವನ್ನೇ ನೇರವಾಗಿ ಕಾರ್ಡಿಗೆ ತೆರೆದು ಕೊಟ್ಟರೆ, ಅದೇ ಪುಟದಲ್ಲಿರೋ ಬೇರೆ ಡೇಟಾವೂ ಕಾರ್ಡಿಗೆ ಕಾಣುತ್ತೆ. 2019ರಲ್ಲಿ ಕೇಂಬ್ರಿಜ್ ಮತ್ತು ರೈಸ್ ವಿಶ್ವವಿದ್ಯಾಲಯದವರು 'ಥಂಡರ್‌ಕ್ಲಾಪ್' ಅನ್ನೋ ಹೆಸರಿನಲ್ಲಿ ಇದನ್ನು ಮಾಡಿ ತೋರಿಸಿದರು. ನೆಟ್‌ವರ್ಕ್ ಕಾರ್ಡಿನ ವೇಷ ಹಾಕಿದ ಸಾಧನವೊಂದನ್ನು ಲ್ಯಾಪ್‌ಟಾಪಿಗೆ ಚುಚ್ಚಿ, ಕಾವಲು ಇದ್ದೂ ಒಳಗೆ ಕೈ ಹಾಕಿದರು.

ಇದಕ್ಕೂ ಮೊದಲೇ, 2016ರಲ್ಲಿ, ಅಲೆಕ್ಸ್ ಮಾರ್ಕುಜೆ, ಆಡಮ್ ಮಾರಿಸನ್, ಡ್ಯಾನ್ ಸಫ್ರಿರ್ ಒಂದು ಪ್ರಬಂಧ ಬರೆದಿದ್ದರು. ಜೀರೋ ಕಾಪಿಗಿಂತ ನಕಲೇ ವೇಗವಾಗೋ ಸಂದರ್ಭ ಅದರ ವಿಷಯ. ನೀವು ನಿಜವಾಗಿಯೂ ರಕ್ಷಣೆ ಬೇಕು ಅಂದರೆ, ಪ್ರತಿ ಪ್ಯಾಕೆಟ್ಟಿಗೂ ಕಾರ್ಡಿನ ಹಕ್ಕು ಕೊಟ್ಟು ಕಿತ್ತುಕೊಳ್ಳಬೇಕು. ಆ ಕಿತ್ತುಕೊಳ್ಳೋ ಕೆಲಸವೇ ದುಬಾರಿ. ಅದರ ಬದಲು ಕಾರ್ಡಿಗೆ ಅಂತಲೇ ಒಂದಷ್ಟು ಬಫರು ಕಾಯಂ ಕೊಟ್ಟು, ಅದಕ್ಕೆ ಡೇಟಾ ನಕಲು ಮಾಡಿದರೆ, ಬಹಳ ಸಲ ಒಟ್ಟು ಖರ್ಚು ಕಡಿಮೆ ಅಂತ ಅಳೆದು ತೋರಿಸಿದರು. ಬೇಲಿ ಬೇಡ ಅಂದುಕೊಂಡಾಗ ಮಾತ್ರ ಜೀರೋ ಕಾಪಿ ಅಗ್ಗ, ಬೇಲಿಯನ್ನೂ ಲೆಕ್ಕಕ್ಕೆ ಹಿಡಿದರೆ ನಕಲು ಗೆಲ್ಲಬಹುದು.

ಹಾಗಂತ ಜೀರೋ ಕಾಪಿಯನ್ನು ಯಾರೂ ಬಿಟ್ಟಿಲ್ಲ. ಬಿಡೋಕೂ ಆಗಲ್ಲ. ಕಾರ್ಡುಗಳು ಸೆಕೆಂಡಿಗೆ 100 ಗಿಗಾಬಿಟ್ ದಾಟಿದ ಮೇಲೆ ಮೆಮೊರಿಯ ದಾರಿಯೇ ಕಿಕ್ಕಿರಿಯುತ್ತೆ. 2017ರಲ್ಲಿ 4.14ರ ಜೊತೆ, ಗೂಗಲ್‌ನ ವಿಲ್ಲೆಮ್ ಡಿ ಬ್ರೂಯ್ನ್ ಮಾಡಿದ ಜೀರೋ ಕಾಪಿ ಕಳಿಸೋ ವ್ಯವಸ್ಥೆ ಲಿನಕ್ಸಿಗೆ ಬಂತು. ಅದರ ದಾಖಲೆಯಲ್ಲೇ ಪ್ರಾಮಾಣಿಕವಾಗಿ ಬರೆದಿದ್ದಾರೆ: ಸುಮಾರು 10 ಕೆಬಿಗಿಂತ ದೊಡ್ಡ ಬರಹಕ್ಕೆ ಮಾತ್ರ ಇದರಿಂದ ಲಾಭ, ಮತ್ತು ಕರ್ನೆಲ್ 'ಮುಗೀತು' ಅಂತ ಹೇಳೋವರೆಗೆ ಪ್ರೋಗ್ರಾಮು ಆ ಬಫರನ್ನು ಮುಟ್ಟಬಾರದು. ಮುಟ್ಟಿದರೆ ತಂತಿಯ ಮೇಲೆ ಅರ್ಧ ಹಳೇದು, ಅರ್ಧ ಹೊಸದು ಹೋಗಬಹುದು. ಅಜ್ಜನ ಪಾತ್ರೆ ಪುಸ್ತಕದ ನಿಯಮವೇ.

ಆಮೇಲೆ 'ಐಒ ಯುರಿಂಗ್' ಬಂತು, 2019ರಲ್ಲಿ, ಅದೇ ಜೆನ್ಸ್ ಆಕ್ಸ್‌ಬೋ ಕೈಯಿಂದ. ಪ್ರೋಗ್ರಾಮು ಮತ್ತು ಕರ್ನೆಲ್ಲು ಎರಡು ವರ್ತುಲ ಹಂಚಿಕೊಂಡು, ಸಿಸ್ಟಮ್ ಕಾಲ್ ಕಡಿಮೆ ಮಾಡಿ ಕೆಲಸ ನಡೆಸೋ ವ್ಯವಸ್ಥೆ. 2022ರ 6.0ರಲ್ಲಿ ಜೀರೋ ಕಾಪಿ ನೆಟ್‌ವರ್ಕ್ ಕಳಿಸೋದೂ ಇದಕ್ಕೆ ಸೇರಿತು. ವೇಗ ಅದ್ಭುತ. ಆದರೆ 2023ರ ಜೂನ್‌ನಲ್ಲಿ ಗೂಗಲ್ ತನ್ನ ಬಹುಮಾನ ಯೋಜನೆಯ ಲೆಕ್ಕ ಬಿಚ್ಚಿಟ್ಟಿತು. ಅವರಿಗೆ ಬಂದ ಲಿನಕ್ಸ್ ಕರ್ನೆಲ್ ದಾಳಿಗಳಲ್ಲಿ 60 ಶೇಕಡಾ ಐಒ ಯುರಿಂಗ್‌ನ ತೂತುಗಳನ್ನು ಬಳಸಿದ್ದವು, ಅದಕ್ಕಾಗಿಯೇ ಸುಮಾರು 10 ಲಕ್ಷ ಡಾಲರ್ ಕೊಟ್ಟಿದ್ದರು. ಕ್ರೋಮ್‌ಓಎಸ್‌ನಲ್ಲಿ ಅದನ್ನು ಮುಚ್ಚಿದರು, ಆಂಡ್ರಾಯ್ಡ್ ಆ್ಯಪ್‌ಗಳಿಗೆ ಸಿಗದ ಹಾಗೆ ಮಾಡಿದರು, ತಮ್ಮ ಸರ್ವರುಗಳಲ್ಲೂ ನಿಲ್ಲಿಸಿದರು. ಪ್ರಪಂಚದಲ್ಲಿ ನೆಟ್‌ವರ್ಕ್ ವೇಗಕ್ಕಾಗಿ ಅಷ್ಟು ದುಡ್ಡು ಸುರಿಯೋ ಕಂಪನಿಯೇ ಈ ವೇಗ ಬೇಡ ಅಂದಿತು.

ರಸ್ಟ್ ಬಂದರೆ ಎಲ್ಲ ಸರಿಹೋಗುತ್ತಾ ಅಂತ ಕೇಳ್ತಾರೆ. 2022ರ ಡಿಸೆಂಬರಿನ 6.1ರಿಂದ ಲಿನಕ್ಸಿನಲ್ಲಿ ರಸ್ಟ್‌ಗೆ ಜಾಗ ಸಿಕ್ಕಿದೆ. ಡರ್ಟಿ ಪೈಪಿನಂಥ 'ತುಂಬದೇ ಬಿಟ್ಟ ಖಾನೆ' ರಸ್ಟ್‌ನಲ್ಲಿ ಸಾಮಾನ್ಯವಾಗಿ ಕಂಪೈಲೇ ಆಗಲ್ಲ. ಯಾವ ಪಾತ್ರೆ ಯಾರ ಮನೆಯಲ್ಲಿದೆ ಅಂತ ಪುಸ್ತಕ ಇಡೋ ಕೆಲಸವನ್ನೂ ಕಂಪೈಲರು ಬಹುಮಟ್ಟಿಗೆ ಮಾಡುತ್ತೆ. ಆದರೆ ಅದರ ಕಣ್ಣು ತಾನು ಕಂಪೈಲ್ ಮಾಡಿದ ಕೋಡಿನೊಳಗೆ ಮಾತ್ರ. ಹಂಚಿಕೊಂಡ ಪುಟದ ಆ ಕಡೆ ಕೂತ ಇನ್ನೊಂದು ಪ್ರೋಗ್ರಾಮಾಗಲಿ, ಬರೆಯೋ ನೆಟ್‌ವರ್ಕ್ ಕಾರ್ಡಾಗಲಿ ಅದರ ಮಾತು ಕೇಳಲ್ಲ. ಅಲ್ಲಿ ಪರೀಕ್ಷೆಗೆ ಮೊದಲು ಒಂದು ನಕಲು ಮಾಡಿಕೊಳ್ಳೋದೇ ಇವತ್ತಿಗೂ ಗಟ್ಟಿ ಉಪಾಯ.

ಹಾಗಾಗಿ ಮುಂದಿನ ಸಲ ನಿಮ್ಮ ಡಿಸೈನ್ ಮೀಟಿಂಗಿನಲ್ಲಿ ಯಾರಾದರೂ ಜೀರೋ ಕಾಪಿ ಅಂದರೆ, ಬೇಡ ಅನ್ನಬೇಡಿ. ಕೇಳಿ. ಕಳಿಸೋ ಡೇಟಾ 10 ಕೆಬಿಗಿಂತ ದೊಡ್ಡದಾ? ನಕಲಿನಲ್ಲೇ ಹೊತ್ತು ಹೋಗ್ತಿದೆ ಅಂತ ಅಳೆದು ನೋಡಿದ್ದೀರಾ? ಬಫರು ಮುಗಿಯಿತು ಅಂತ ಹೇಳೋರು ಯಾರು, ಆ ಮಾತು ಬರೋ ಮೊದಲೇ ಯಾರಾದರೂ ಅದನ್ನು ಮುಟ್ಟಬಹುದಾ? ತೆಗೆದುಹಾಕಿದ ನಕಲಿನೊಳಗೆ ಯಾವ ಯಾವ ಪರೀಕ್ಷೆಗಳು ಅಡಗಿದ್ದವು? ಆ ಪಟ್ಟಿ ಬರೆದಿಟ್ಟಿದ್ದೀರಾ?

ಜೊತೆಗೆ, 'ಫೈಲು ಕೆಟ್ಟಿದೆ' ಅಂತ ಬರೋ ಸಣ್ಣ ಟಿಕೆಟ್ಟನ್ನು ಹಗುರವಾಗಿ ನೋಡಬೇಡಿ. ಮೊದಲ ದೂರು ಬಂದ ದಿನದಿಂದ ಕಾರಣ ಸಿಗೋವರೆಗೆ ಹತ್ತು ತಿಂಗಳು ಹಿಡಿಯಿತು. ಅಷ್ಟೂ ದಿನ ಪ್ರಪಂಚದ ಲಕ್ಷಾಂತರ ಸರ್ವರುಗಳ ಬಾಗಿಲು ತೆರೆದೇ ಇತ್ತು. ಸುಳಿವು ಇದ್ದದ್ದು ಒಂದೇ ಕಡೆ, ಯಾರೋ ಒಬ್ಬ ಗ್ರಾಹಕ ಬಿಚ್ಚೋಕಾಗದೆ ಬೈಕೊಂಡ ಒಂದು ಲಾಗ್ ಫೈಲಿನ ಕೊನೆಯ ಎಂಟು ಬೈಟಿನಲ್ಲಿ.